ಹಾಡಿನ ನೋಟಿಸ್ ಬಂದರೆ ಏನು ಮಾಡಬೇಕು?

ಅಮೆರಿಕಕ್ಕೆ ಓದಲು ಹೋದ ನಮ್ಮ ಹುಡುಗರು ನಾಲ್ಕೈದು ಜನ ಸೇರಿ ಮನೆ ಹಿಡಿಯುತ್ತಾರೆ. ಇಂಟರ್‌ನೆಟ್ ಕನೆಕ್ಷನ್ ಒಬ್ಬರ ಹೆಸರಲ್ಲಿ. ಒಂದು ದಿನ ಅವರಿಗೆ ಮೇಲ್ ಬರುತ್ತದೆ: ನಿಮ್ಮ ಕನೆಕ್ಷನ್‌ನಿಂದ ಕಾಪಿರೈಟ್ ಇರುವ ಹಾಡು ಹಂಚಿಕೆಯಾಗಿದೆ. ಎದೆ ಧಸಕ್ ಅನ್ನುತ್ತದೆ, ಅಲ್ವಾ? ಇದು ಕೋರ್ಟಿನ ಸಮನ್ಸ್ ಅಲ್ಲ. ಗಾಬರಿ ಬೇಡ.

ಮೊದಲು ಮೇಲ್ ಅಸಲಿಯೇ ನೋಡಿ. ಅದರಲ್ಲಿರುವ ಲಿಂಕ್ ಒತ್ತಬೇಡಿ, ಇಂಟರ್‌ನೆಟ್ ಕಂಪನಿಯ ಖಾತೆಗೆ ನೀವೇ ಲಾಗಿನ್ ಆಗಿ. ಹಾಡಿನ ಹೆಸರು, ದಿನಾಂಕ, ಸಮಯ ಬರೆದುಕೊಳ್ಳಿ. ಆ ಹೊತ್ತಿಗೆ ಯಾರ ಲ್ಯಾಪ್‌ಟಾಪ್ ಓಡುತ್ತಿತ್ತು, ಮನೆಯಲ್ಲಿ ಕೇಳಿ.

ದೂರು ಕೊಟ್ಟವರ ಹತ್ತಿರ ಸಾಮಾನ್ಯವಾಗಿ ಇರುವುದು ಐಪಿ ವಿಳಾಸ, ಅಂದರೆ ನಿಮ್ಮ ಕನೆಕ್ಷನ್ ಗುರುತಿಸುವ ಸಂಖ್ಯೆ ಮಾತ್ರ, ನಿಮ್ಮ ಹೆಸರಲ್ಲ. ಈ ರಕ್ಷಣೆ ಸುಮ್ನೆ ಸಿಕ್ಕಿದ್ದಲ್ಲ. ಗ್ರಾಹಕರ ಹೆಸರು ಕೊಡಿ ಎಂದು ರೆಕಾರ್ಡಿಂಗ್ ಕಂಪನಿಗಳ ಸಂಘ ಆರ್‌ಐಎಎ, ಇಂಟರ್‌ನೆಟ್ ಕಂಪನಿ ವೆರೈಝನ್‌ನ ಬೆನ್ನು ಬಿದ್ದಿತ್ತು. ಕೇಸ್ ಹಾಕದೆ, ಕೋರ್ಟ್ ಗುಮಾಸ್ತರಿಂದ ಪಡೆದ ಕಾಗದ ತೋರಿಸಿ ಹೀಗೆ ಹೆಸರು ಕೇಳುವಂತಿಲ್ಲ ಎಂದು 2003ರ ಡಿಸೆಂಬರ್‌ನಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು. ಹಾಗಿರುವಾಗ ನೀವಾಗಿಯೇ ಹೆಸರು ಬರೆದು, ತಪ್ಪೊಪ್ಪಿಕೊಂಡು ಉತ್ತರ ಕಳಿಸಬೇಡಿ.

ಆಮೇಲೆ ಟೊರೆಂಟ್, ಅಂದರೆ ಬಳಸುವವರೇ ಒಬ್ಬರಿಂದೊಬ್ಬರು ಫೈಲ್ ಇಳಿಸಿಕೊಳ್ಳುವ ಸಾಫ್ಟ್‌ವೇರ್, ತೆಗೆದುಹಾಕಿ. 'ನಾನು ಬರೀ ಡೌನ್‌ಲೋಡ್ ಮಾಡಿದ್ದು' ಎನ್ನುವವರೇ ಜಾಸ್ತಿ. ಆದರೆ ಟೊರೆಂಟ್‌ನಲ್ಲಿ ಹಾಡು ಇಳಿಯುತ್ತಿರುವಾಗಲೇ ಅದರ ತುಣುಕುಗಳು ಬೇರೆಯವರಿಗೂ ಹೋಗುತ್ತಿರುತ್ತವೆ. ಸಿಕ್ಕಿಬೀಳುವುದು ಅಲ್ಲೇ. ವಿಂಡೋ ಮುಚ್ಚಿದರೂ ಅದು ಹಿಂದೆ ಓಡುತ್ತಿರಬಹುದು, ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ. ವೈಫೈ ಪಾಸ್‌ವರ್ಡ್ ಕೂಡ ಬದಲಿಸಿ.

ಕೆಲವು ನೋಟಿಸ್‌ಗಳಲ್ಲಿ 'ಇಷ್ಟು ಡಾಲರ್ ಕಟ್ಟಿ, ಮುಗಿಸೋಣ' ಎಂದಿರುತ್ತದೆ. ವಕೀಲರನ್ನು ಕೇಳದೆ ಒಂದು ಪೈಸೆಯನ್ನೂ ಕಟ್ಟಬೇಡಿ. ಹಲವು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಕಾನೂನು ಸಲಹೆ ಸಿಗುತ್ತದೆ.

ಎರಡನೇ ನೋಟಿಸ್ ಬಂದರೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಪದೇಪದೇ ತಪ್ಪು ಮಾಡಿದವರ ಕನೆಕ್ಷನ್ ಕಡಿಯಲಿಲ್ಲ ಎಂದು ಸೋನಿ ಮತ್ತಿತರ ಕಂಪನಿಗಳು 2018ರಲ್ಲಿ ಇಂಟರ್‌ನೆಟ್ ಕಂಪನಿ ಕಾಕ್ಸ್ ಮೇಲೆ ಕೇಸ್ ಹಾಕಿದವು. 10,017 ಸಂಗೀತ ಕೃತಿಗಳ ಲೆಕ್ಕದಲ್ಲಿ 100 ಕೋಟಿ ಡಾಲರ್ ಕೊಡಬೇಕೆಂದು 2019ರಲ್ಲಿ ಜ್ಯೂರಿ ಹೇಳಿತು. 2024ರಲ್ಲಿ ಮೇಲ್ಮನವಿ ಕೋರ್ಟ್ ಆ ಮೊತ್ತವನ್ನು ರದ್ದು ಮಾಡಿತು. ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಇಂಥ ದಂಡದ ಭಯವಿದ್ದಾಗ ಕಂಪನಿಗಳು ಕನೆಕ್ಷನ್ ಕಡಿಯಲು ಹಿಂದೆಮುಂದೆ ನೋಡುವುದಿಲ್ಲ. ಹಾಡಿದವರಿಗೆ ಹಣ ಸಲ್ಲಲೇಬೇಕು. ಆದರೆ ಒಬ್ಬ ಮಾಡಿದ್ದಕ್ಕೆ ಇಡೀ ಮನೆಯವರ ಓದು, ಕೆಲಸ ನಿಲ್ಲಿಸುವುದು ನನಗೆ ಸರಿ ಅನಿಸುವುದಿಲ್ಲ.

'ನಿಮ್ಮ ಹೆಸರು ಕೊಡಲು ಕೋರ್ಟ್ ಆದೇಶ ಬಂದಿದೆ' ಎಂದು ಕಂಪನಿ ಬರೆದರೆ, ಆಕ್ಷೇಪ ಸಲ್ಲಿಸಲು ಕೊಟ್ಟಿರುವ ಕೊನೆಯ ದಿನಾಂಕ ನೋಡಿಕೊಳ್ಳಿ. ಅವತ್ತೇ ವಕೀಲರಿಗೆ ಫೋನ್ ಮಾಡಿ.