ಕಾಂಪೌಂಡಿಗೆ ಕೆಂಪು ಗೀಟು ಬಿದ್ದರೆ: ಮಾರ್ಗ ಅಗಲೀಕರಣಕ್ಕೆ ಆಕ್ಷೇಪಣೆ ಸಲ್ಲಿಸುವುದು ಹೇಗೆ?

ಮಂಗಳೂರಿನ ಹೊರವಲಯದಲ್ಲಿ ಮಾರ್ಗ ಅಗಲ ಆಗುತ್ತದೆ ಎಂಬ ಸುದ್ದಿಯನ್ನು ಮೊದಲು ತರುವುದು ಫ್ಲೆಕ್ಸು. ಇಷ್ಟು ಕೋಟಿ ಮಂಜೂರು, ಜನಪ್ರಿಯ ಶಾಸಕರಿಗೆ ಅಭಿನಂದನೆ. ನಂತರ ಗುದ್ದಲಿ ಪೂಜೆ. ಅದಾದ ಮೇಲೆ ಒಂದು ಬೆಳಿಗ್ಗೆ ಇಬ್ಬರು ಬಂದು ನಿಮ್ಮ ಕಾಂಪೌಂಡಿನ ಮೇಲೆ ಕೆಂಪು ಪೇಂಟಿನಲ್ಲಿ ಒಂದು ಗೀಟು ಎಳೆದು, ಪಕ್ಕದಲ್ಲಿ ಒಂದು ಸಂಖ್ಯೆ ಬರೆದು ಹೋಗುತ್ತಾರೆ. ಆಗ ಶುರುವಾಗುತ್ತದೆ ಓಡಾಟ. ಒಬ್ಬರು ಮಾಜಿ ಕಾರ್ಪೊರೇಟರ್ ಮನೆಗೆ, ಇನ್ನೊಬ್ಬರು ಪಕ್ಷದ ಕಚೇರಿಗೆ, ಉಳಿದವರೆಲ್ಲ ವಾಟ್ಸ್‌ಆ್ಯಪ್ ಗ್ರೂಪಿಗೆ. ಮನವಿ ಕೊಟ್ಟು ಫೋಟೊ ತೆಗೆಸಿಕೊಂಡದ್ದೂ ಆಗುತ್ತದೆ. ಅಷ್ಟರಲ್ಲಿ ಆಕ್ಷೇಪಣೆಯ ಗಡುವು ದಾಟಿರುತ್ತದೆ.

ಕಾವೂರು, ಬೋಂದೆಲ್, ಕುಲಶೇಖರ, ಸುರತ್ಕಲ್ ಎಲ್ಲ ಕಡೆ ಇದೇ ಕತೆ. ಮಾರ್ಗ ಅಗಲ ಆಗಬಾರದು ಎಂದು ನಾನು ಹೇಳುವುದಿಲ್ಲ. ಸಂಜೆ ಹೊತ್ತಿಗೆ ಕೊಟ್ಟಾರ ಚೌಕಿಯಲ್ಲಿ ಬಸ್ಸಿನೊಳಗೆ ನಿಂತವರಿಗೆ ಅದರ ಅಗತ್ಯ ಗೊತ್ತು. ಆದರೆ ಈ ಜಗಳದಲ್ಲಿ ಭಾಷಣಕ್ಕೆ ಬೆಲೆಯಿಲ್ಲ. ಮಾರ್ಗದ ನಡುವಿನಿಂದ ನಿಮ್ಮ ಗೋಡೆಗೆ ಎಷ್ಟು ಮೀಟರ್ ಎಂದು ಕಾಗದದಲ್ಲಿ ತೋರಿಸಬಲ್ಲವರ ಮಾತು ಮಾತ್ರ ನಿಲ್ಲುತ್ತದೆ.

ಹಂತ 1: ಮಾರ್ಗ ಯಾರದ್ದು?

ಇದನ್ನು ಕೇಳದೆ ಒಂದು ಹೆಜ್ಜೆಯೂ ಇಡಬೇಡಿ. ನಗರದ ಒಳಗಿನ ಮಾರ್ಗ ಸಾಮಾನ್ಯವಾಗಿ ಮಹಾನಗರ ಪಾಲಿಕೆಯದ್ದು, ಕಚೇರಿ ಲಾಲ್‌ಬಾಗ್. ಮಾರ್ಗ ಎಷ್ಟು ಅಗಲ ಇರಬೇಕು ಎಂದು ಮಾಸ್ಟರ್ ಪ್ಲಾನ್‌ನಲ್ಲಿ ಗುರುತಿಸುವುದು ಮುಡಾ, ಅಂದರೆ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ, ಕಚೇರಿ ಉರ್ವ ಸ್ಟೋರ್. ಕೆಲವು ಮಾರ್ಗ ಲೋಕೋಪಯೋಗಿ ಇಲಾಖೆಯದ್ದು. 66, 73, 169 ರಾಷ್ಟ್ರೀಯ ಹೆದ್ದಾರಿಗಳು. ಉಡುಪಿಯ ಪರ್ಕಳ, ಮಲ್ಪೆ ಕಡೆಯದ್ದು 169ಎ. ಹೆದ್ದಾರಿಯ ವಿಷಯಕ್ಕೆ ನಗರಸಭೆಯ ಎದುರು ಕೂತು ಗಲಾಟೆ ಮಾಡಿದರೆ ಅವರ ಕೈಯಲ್ಲಿ ಏನೂ ಇರುವುದಿಲ್ಲ.

ಗಡುವು ಕೂಡ ಇದರ ಮೇಲೆಯೇ ನಿಂತಿದೆ. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ 3ಎ ಅಧಿಸೂಚನೆ (ಜಾಗ ಸ್ವಾಧೀನ ಮಾಡುವ ಉದ್ದೇಶವಿದೆ ಎಂಬ ಪ್ರಕಟಣೆ) ಗೆಜೆಟ್‌ನಲ್ಲಿ ಬಂದ ದಿನದಿಂದ 21 ದಿನದೊಳಗೆ ಆಕ್ಷೇಪಣೆ ಕೊಡಬೇಕು. 2013ರ ಭೂಸ್ವಾಧೀನ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆಯಿಂದ 60 ದಿನ. ಪಾಲಿಕೆಯ ನೋಟಿಸ್ ಆದರೆ ಅದರಲ್ಲೇ ಬರೆದಿರುವ ದಿನ. ನೋಟಿಸ್ ಕೈಗೆ ಬಂದ ತಾರೀಕನ್ನು ಅದರ ಮೇಲೆಯೇ ಪೆನ್ನಿನಲ್ಲಿ ಬರೆದಿಡಿ, ಲಕೋಟೆ ಬಿಸಾಡಬೇಡಿ.

ಇನ್ನು ಕಾರ್ಪೊರೇಟರ್ ವಿಷಯ. ಮಂಗಳೂರಿನಲ್ಲಿ 60 ವಾರ್ಡು. 2019ರ ನವೆಂಬರ್‌ನಲ್ಲಿ ಆಯ್ಕೆಯಾದ ಪರಿಷತ್ತಿನ ಅವಧಿ 2025ರ ಫೆಬ್ರವರಿಗೆ ಮುಗಿದು ಆಡಳಿತ ಆಡಳಿತಾಧಿಕಾರಿಯ ಕೈಗೆ ಹೋಯಿತು. ಪರಿಷತ್ತು ಇಲ್ಲದ ಹೊತ್ತಲ್ಲಿ ‘ನಾನು ನೋಡಿಕೊಳ್ತೇನೆ ಮಾರಾಯ್ರೆ’ ಎಂಬ ಮಾತಿನ ಹಿಂದೆ ಒಂದು ಓಟೂ ಇರುವುದಿಲ್ಲ. ಪರಿಷತ್ತು ಇದ್ದಾಗಲೂ ನಿಮಗೆ ಬೇಕಾದ್ದು ಅದರ ನಿರ್ಣಯದ ಪ್ರತಿ. ರಾಜಕಾರಣಿಗಳಿಂದ ಒಂದು ಉಪಕಾರ ಖಂಡಿತ ಕೇಳಬಹುದು: ಎಂಜಿನಿಯರನ್ನು ಸ್ಥಳಕ್ಕೆ ಕರೆಸುವುದು. ಆ ಕೆಲಸ ಅವರ ಒಂದು ಫೋನಿಗೆ ಆಗುತ್ತದೆ.

ಹಂತ 2: ಕಾಗದ ಒಟ್ಟು ಮಾಡಿ

ಕ್ರಯಪತ್ರ, ಇ-ಖಾತಾ ಅಥವಾ ಪಹಣಿ, ಕನ್ವರ್ಷನ್ ಆದೇಶ, ಮನೆಯ ಪರವಾನಗಿ ನಕ್ಷೆ, ತೆರಿಗೆ ರಶೀದಿ, ಸರ್ವೆ ನಂಬರಿನ ಗಡಿ, ಅಳತೆ ತೋರಿಸುವ ಸರ್ವೆ ಇಲಾಖೆಯ ಎಫ್‌ಎಂಬಿ ನಕ್ಷೆ. ಅಷ್ಟೇ.

ಅಷ್ಟೇ ಎಂದರೂ ನಮ್ಮ ಜಿಲ್ಲೆಯಲ್ಲಿ ಎರಡು ತೊಡಕುಂಟು. ಜಾಗ ಮೂಲಗೇಣಿಯದ್ದಾದರೆ, ಅಂದರೆ ಧಣಿಯಿಂದ ಶಾಶ್ವತ ಗೇಣಿಗೆ ಪಡೆದದ್ದಾದರೆ, ಪರಿಹಾರದ ಹಣಕ್ಕೆ ಮೂಲ ಧಣಿಯ ಕಡೆಯವರೂ ಬಂದು ನಿಲ್ಲುತ್ತಾರೆ. ಮೂಲಗೇಣಿದಾರರಿಗೆ ಒಡೆತನ ಕೊಡುವ 2011ರ ಕಾಯ್ದೆಯಡಿ ನಿಮ್ಮದು ಎಲ್ಲಿವರೆಗೆ ಬಂದಿದೆ ಎಂದು ಮೊದಲೇ ನೋಡಿ. ಕುಮ್ಕಿ ಜಾಗದಲ್ಲಿ (ಪಟ್ಟಾ ಜಾಗಕ್ಕೆ ತಾಗಿ, ಅನುಭೋಗಕ್ಕಷ್ಟೇ ಬಿಟ್ಟ ಜಾಗ) ಅಜ್ಜನ ಕಾಲದಿಂದ ತೆಂಗು ಇದ್ದರೂ ಅದು ಸರಕಾರದ ಜಾಗವೇ. ಅದನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿ ಬರೆದರೆ ಉಳಿದದ್ದನ್ನೂ ಸಂಶಯದಿಂದ ನೋಡುತ್ತಾರೆ.

ಹಂತ 3: ಅಳತೆ

ಎಲ್ಲರೂ ಎಡವುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಮಾಸ್ಟರ್ ಪ್ಲಾನ್‌ನಲ್ಲಿ ನಿಮ್ಮ ಮಾರ್ಗಕ್ಕೆ 18 ಮೀಟರ್ ಎಂದಿದೆ ಎನ್ನೋಣ. ನಡುಗೆರೆಯಿಂದ ಆಚೆ 9, ಈಚೆ 9. ಇಷ್ಟು ಸರಳ. ಆದರೆ ಯಾವ ನಡುಗೆರೆ? ಡಾಮರಿನ ನಡುವೋ, ಸರ್ವೆ ನಕ್ಷೆಯಲ್ಲಿರುವ ಮಾರ್ಗದ ನಡುವೋ? ಹೊರವಲಯದ ಮಾರ್ಗಗಳು ಎತ್ತಿನ ಗಾಡಿಯ ಕಾಲದವು. ಒಂದು ಬದಿ ದರೆ, ಇನ್ನೊಂದು ಬದಿ ತೋಡು. ಸಲೀಸಾದ ಬದಿಗೆ ಡಾಮರು ಜರುಗುತ್ತಾ ಬಂದಿರುತ್ತದೆ. ಎದುರು ಬದಿಯ ಅಂಗಡಿಯವರು ಚರಂಡಿ ಮುಚ್ಚಿ ಮೆಟ್ಟಿಲು ಕಟ್ಟಿಸಿಕೊಂಡಿದ್ದರೆ ಡಾಮರು ನಿಮ್ಮ ಕಡೆಗೆ ಇನ್ನೂ ಒಂದು ಮೀಟರ್ ಬಂದಿರುತ್ತದೆ. ಡಾಮರಿನ ನಡುವಿನಿಂದ ಅಳೆದರೆ ಅವರ ಒತ್ತುವರಿಗೆ ನೀವು ಜಾಗ ಕೊಟ್ಟ ಹಾಗೆ. ‘ಪ್ರಭಾವಿಗಳ ಕಟ್ಟಡ ಉಳಿಸಲು ಮಾರ್ಗ ಬಗ್ಗಿಸಿದರು’ ಎಂಬ ಆರೋಪ ಪ್ರತಿ ಅಗಲೀಕರಣದಲ್ಲೂ ಕೇಳುತ್ತದೆ. ನಿಜವೇ ಇರಬಹುದು. ಅದನ್ನು ತೋರಿಸುವುದಕ್ಕೆ ಇರುವುದು ಇದೊಂದೇ ದಾರಿ.

ಆದಿತ್ಯವಾರ ಬೆಳಿಗ್ಗೆ ಬಸ್ಸು ಕಡಿಮೆ ಇರುವಾಗ ಇಳಿಯಿರಿ. 30 ಮೀಟರಿನ ಟೇಪು, ಸೀಮೆಸುಣ್ಣ, ಇಬ್ಬರು ಜನ. ಮೊಬೈಲಿನ ಜಾಗ ಅಳೆಯುವ ಆ್ಯಪ್ ನಂಬಬೇಡಿ. ಎಷ್ಟು ಸ್ಟಾರ್ ಇದ್ದರೂ ಬೇಡ. ಫೋನಿನ ಜಿಪಿಎಸ್ ಮೂರ್ನಾಲ್ಕು ಮೀಟರ್ ಆಚೀಚೆ ಹೇಳುವುದು ಮಾಮೂಲು, ಇಲ್ಲಿ ಜಗಳ ಇರುವುದೇ ಮೂರು ಮೀಟರಿಗೆ. ಬಟ್ಟೆ ಅಂಗಡಿಯ ಟೇಪಿನ ಹಾಗೆ ಎಳೆದರೆ ಹಿಗ್ಗುವ ಅಗ್ಗದ ಟೇಪೂ ಬೇಡ.

ಮೊದಲು ಗಡಿಕಲ್ಲು ಹುಡುಕಿ. ಹುಲ್ಲಿನಡಿ, ಚರಂಡಿಯ ಮಣ್ಣಿನಡಿ ಇರುತ್ತದೆ. ಎಫ್‌ಎಂಬಿ ನಕ್ಷೆಯಲ್ಲಿ ಆ ಕಲ್ಲಿನಿಂದ ಮಾರ್ಗದ ಅಂಚಿಗೆ ಎಷ್ಟು ಎಂದು ನೋಡಿ. ಆಮೇಲೆ ಜಾಗದ ಎರಡು ತುದಿ ಮತ್ತು ಗೇಟು, ಹೀಗೆ ಮೂರು ಕಡೆ ಅಡ್ಡಕ್ಕೆ ಅಳೆಯಿರಿ: ಎದುರಿನ ಗೋಡೆಯ ಬುಡ, ಚರಂಡಿಯ ಅಂಚು, ಡಾಮರಿನ ಎರಡು ಅಂಚು, ಈ ಬದಿಯ ಚರಂಡಿ, ನಿಮ್ಮ ಗೋಡೆಯ ಬುಡ. ಟೇಪನ್ನು ಮುರಕಲ್ಲಿನ ಬುಡಕ್ಕೆ ಒತ್ತಿ ಹಿಡಿಯಬೇಕು. ಗಾರೆ ಉಬ್ಬಿ ನಿಂತಲ್ಲಿ ಹಿಡಿದರೆ ಅಲ್ಲೇ ಎರಡು ಇಂಚು ಹೋಯಿತು. ಪ್ರತಿ ಗುರುತಿಗೆ ಸೀಮೆಸುಣ್ಣದ ಗೆರೆ, ಟೇಪಿನ ಅಂಕಿ ಕಾಣುವ ಹಾಗೆ ಒಂದು ಫೋಟೊ.

ಈಗ ಲೆಕ್ಕ. ನಡುಗೆರೆಯಿಂದ ನಿಮ್ಮ ಗೋಡೆ ಒಂದು ತುದಿಯಲ್ಲಿ 5 ಮೀಟರ್, ಇನ್ನೊಂದು ತುದಿಯಲ್ಲಿ 6 ಮೀಟರ್ ದೂರ ಇದ್ದರೆ, 9 ಮೀಟರ್ ಮುಟ್ಟಲು ಹೋಗುವುದು 4 ಮತ್ತು 3. ಸರಾಸರಿ ಮೂರೂವರೆ. ಮುಂಭಾಗದ ಉದ್ದ 20 ಮೀಟರ್ ಆದರೆ 70 ಚದರ ಮೀಟರ್. ಒಂದು ಸೆಂಟ್ಸ್ ಎಂದರೆ 40.47 ಚದರ ಮೀಟರ್, ಹಾಗಾಗಿ ಹೋಗುವುದು ಸುಮಾರು 1.73 ಸೆಂಟ್ಸ್. ಡಾಮರಿನ ನಡುವಿನಿಂದ ಅಳೆದು ಗೆರೆ ಒಂದು ಮೀಟರ್ ನಿಮ್ಮ ಕಡೆ ಸರಿದರೆ 90 ಚದರ ಮೀಟರ್, ಅಂದರೆ 2.22 ಸೆಂಟ್ಸ್. ಹತ್ತು ಸೆಂಟ್ಸಿನ ಮನೆಯವರಿಗೆ ಈ ಅರ್ಧ ಸೆಂಟ್ಸ್ ಅಂದರೆ ಕಾರು ನಿಲ್ಲಿಸುವ ಜಾಗ.

ಅನುಮಾನ ಉಳಿದರೆ ಪರವಾನಗಿ ಇರುವ ಸರ್ವೆಯರ್‌ನಿಂದ ಅಳತೆ ಮಾಡಿಸಿ, ಸಹಿ ಹಾಕಿಸಿಕೊಳ್ಳಿ. ವಕೀಲರಿಗೆ ಕೊಡುವ ಮೊದಲ ಫೀಸಿಗಿಂತ ಈ ಖರ್ಚು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಹಂತ 4: ಅವರ ಕಾಗದ ಕೇಳಿ

ಮಾಹಿತಿ ಹಕ್ಕು ಅರ್ಜಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ನಿಮ್ಮ ಸಂಕಟ ತೋಡಿಕೊಳ್ಳಬೇಡಿ. ಅಲೈನ್‌ಮೆಂಟ್ ನಕ್ಷೆ, ಅಂದಾಜು ಪಟ್ಟಿ, ಸರ್ವೆ ವರದಿ, ಭೂಸ್ವಾಧೀನಕ್ಕೆ ಇಟ್ಟ ಹಣ, ಇಷ್ಟರ ಪ್ರತಿ ಕೇಳಿ. ಅಂದಾಜು ಪಟ್ಟಿಯಲ್ಲಿ ಭೂಸ್ವಾಧೀನಕ್ಕೆ ಒಂದು ಪೈಸೆಯೂ ಇಲ್ಲದಿದ್ದರೆ, ಜಾಗವನ್ನು ಪುಕ್ಕಟೆ ಕೇಳುವ ಅಂದಾಜಿದೆ ಎಂದೇ ಅರ್ಥ. ಉತ್ತರ ಬರುವ ತನಕ ಆಕ್ಷೇಪಣೆ ತಡೆದಿಡಬೇಡಿ. ‘ದಾಖಲೆ ಸಿಕ್ಕಿದ ಮೇಲೆ ಹೆಚ್ಚುವರಿ ಆಕ್ಷೇಪಣೆ ಸಲ್ಲಿಸುತ್ತೇನೆ’ ಎಂದು ಒಂದು ಸಾಲು ಸೇರಿಸಿದರೆ ಆಯ್ತು.

ಹಂತ 5: ಬರೆಯುವುದು

ಗ್ರೂಪಿನಲ್ಲಿ ಹರಿದಾಡುವ ರೆಡಿಮೇಡ್ ಫಾರ್ಮ್ಯಾಟಿಗೆ ಹೆಸರು ತುಂಬಿ ಕೊಡುವುದು ದೊಡ್ಡ ತಪ್ಪು. ನಲವತ್ತು ಮನೆಯವರು ಒಂದೇ ಕಾಗದ ಕೊಟ್ಟರೆ ಒಂದೇ ಸಾಲಿನ ಉತ್ತರದಲ್ಲಿ ನಲವತ್ತೂ ಮುಗಿಯುತ್ತದೆ. ಪ್ರತಿ ಮನೆಗೂ ಬೇರೆ ಕಾಗದ, ಬೇರೆ ಸರ್ವೆ ನಂಬರ್, ಬೇರೆ ಅಳತೆ. ಬೇಕಾದರೆ ಮೇಲೊಂದು ಒಟ್ಟು ಪತ್ರ ಇರಲಿ.

ಎರಡು ಪುಟ ಮೀರಬಾರದು. ಮೊದಲ ಅಂಶ ಅಳತೆ. ಎರಡನೆಯದು ಕ್ರಮ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟು ಇದಕ್ಕೆ ಒಳ್ಳೆಯ ಆಧಾರ ಕೊಟ್ಟಿದೆ. ಉತ್ತರ ಪ್ರದೇಶದ ಮಹಾರಾಜ್‌ಗಂಜ್‌ನಲ್ಲಿ 2019ರಲ್ಲಿ ಮಾರ್ಗ ಅಗಲ ಮಾಡಲು ಮನೆಯೊಂದನ್ನು ಕೆಡವಿದ ಪ್ರಕರಣ ಅದು. ಈಗಿರುವ ಅಗಲ ಎಷ್ಟೆಂದು ದಾಖಲೆ ಮತ್ತು ನಕ್ಷೆಯಿಂದ ಖಚಿತ ಮಾಡಿ, ಸರ್ವೆ ಮಾಡಿ, ಒತ್ತುವರಿ ಇದ್ದರೆ ನೋಟಿಸ್ ಕೊಡಿ, ಆಕ್ಷೇಪಣೆ ಬಂದರೆ ಕಾರಣ ಸಹಿತ ಆದೇಶ ಮಾಡಿ, ಇರುವ ಅಗಲ ಸಾಲದಿದ್ದರೆ ಕಾನೂನು ಪ್ರಕಾರ ಸ್ವಾಧೀನ ಮಾಡಿ ಎಂದು ಕೋರ್ಟು ಎಲ್ಲ ರಾಜ್ಯಗಳಿಗೂ ಹೇಳಿತು. ಮನೆ ಕಳೆದುಕೊಂಡವರಿಗೆ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಿಸಿತು. ಈ ಹಂತಗಳಲ್ಲಿ ನಿಮ್ಮ ವಿಷಯದಲ್ಲಿ ಯಾವುದು ಆಗಿಲ್ಲ ಎಂದು ಒಂದೊಂದಾಗಿ ಬರೆಯಿರಿ.

ಮೂರನೆಯದನ್ನು ಜನ ಮರೆತೇ ಬಿಡುತ್ತಾರೆ: ಮಾರ್ಗ ಆದ ಮೇಲಿನ ಮಳೆಗಾಲ. ಜಾಗ ಮಾರ್ಗಕ್ಕಿಂತ ಎತ್ತರದಲ್ಲಿದ್ದರೆ ದರೆ ಕಡಿಯುವ ಮೊದಲು ತಡೆಗೋಡೆ ಕಟ್ಟಬೇಕು ಎಂದು ಬರೆಯಿರಿ. ವಾಮಂಜೂರಿನ ಹತ್ತಿರ ಕೆತ್ತಿಕಲ್‌ನಲ್ಲಿ ಹೆದ್ದಾರಿಗೆ ಗುಡ್ಡ ಕಡಿದ ಜಾಗ 2024ರ ಮಳೆಗೆ ಜರಿದದ್ದು ಎಲ್ಲರಿಗೂ ನೆನಪಿದೆಯಲ್ವಾ? ಜಾಗ ತಗ್ಗಿನಲ್ಲಿದ್ದರೆ ಕಾಂಕ್ರೀಟ್ ಮಾರ್ಗ ಒಂದಡಿ ಮೇಲೆ ಬಂದು ನೀರು ಸೀದಾ ಅಂಗಳಕ್ಕೆ ಇಳಿಯುತ್ತದೆ. ಚರಂಡಿಯ ಇಳಿಜಾರು, ಗೇಟಿನ ಎತ್ತರ ಕೇಳಿ.

ನಾಲ್ಕನೆಯದು ಸೆಟ್‌ಬ್ಯಾಕ್. ಗೋಡೆ ಹಿಂದೆ ಬಂದ ಮೇಲೆ ಮನೆಯ ಮುಂದೆ ಬಿಡಬೇಕಾದ ಜಾಗ ಕಡಿಮೆ ಬೀಳುತ್ತದೆ. ನಾಳೆ ಮೇಲೆ ಒಂದು ಮಾಳಿಗೆ ಹಾಕಲು ಹೋದಾಗ ಅದೇ ಕಚೇರಿ ಅದನ್ನು ಉಲ್ಲಂಘನೆ ಎನ್ನಬಹುದು. ಹಾಗೆ ಪರಿಗಣಿಸುವುದಿಲ್ಲ ಎಂದು ಬರಹದಲ್ಲಿ ಕೊಡಿ ಎಂದು ಈಗಲೇ ಕೇಳಿ.

ಹಂತ 6: ಕೊಡುವುದು

ಟಪ್ಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಸೀಲು, ನಂಬರ್, ತಾರೀಕು ಹಾಕಿಸಿ. ಇನ್ನೊಂದು ಪ್ರತಿ ಸ್ಪೀಡ್ ಪೋಸ್ಟ್‌ನಲ್ಲಿ. ಸಾಹೇಬರ ಕೈಗೇ ಕೊಟ್ಟೆ ಎಂಬುದಕ್ಕೆ ಸಾಕ್ಷಿ ಇರುವುದಿಲ್ಲ.

ಹಂತ 7: ವಿಚಾರಣೆ ಮತ್ತು ಎದುರು ಬದಿಯವರು

ವಿಚಾರಣೆಗೆ ಕರೆದರೆ ಹೋಗಿ, ಐದು ನಿಮಿಷ ಮಾತಾಡಿ, ನಕ್ಷೆ ತೋರಿಸಿ, ಬನ್ನಿ. ಅದಕ್ಕೆ ಮೊದಲು ಎದುರು ಬದಿಯವರ ಜೊತೆ ಒಮ್ಮೆ ಕೂತುಕೊಳ್ಳಿ. ಆಚೆ ಬದಿ ಒಂದು ಪಕ್ಷ, ಈಚೆ ಬದಿ ಒಂದು ಪಕ್ಷ ಆಗಿಬಿಟ್ಟರೆ ಎರಡೂ ಬದಿ ಸೋಲುತ್ತದೆ. ನಾಗಬನ, ದೈವದ ಕಟ್ಟೆ ನಡುವೆ ಬಂದರೆ ಆ ಮನೆತನದ ಹಿರಿಯರನ್ನು ಮೊದಲೇ ಸೇರಿಸಿಕೊಳ್ಳಿ. ಜೆಸಿಬಿ ಬಂದ ದಿನ ಆ ಮಾತು ಎತ್ತಿದರೆ ಮಾರ್ಗದ ವಿಷಯ ಹೋಗಿ ಬೇರೆಯೇ ರಾಜಕೀಯ ಆಗುತ್ತದೆ.

ಹಂತ 8: ಸಮ್ಮತಿ ಪತ್ರ ಬಂದರೆ

ಪಾಲಿಕೆಯ ಮಾರ್ಗಗಳಲ್ಲಿ ಸ್ವಾಧೀನದ ಗೋಜಿಗೆ ಹೋಗದೆ ‘ಊರಿಗೆ ಉಪಕಾರ ಅಲ್ವಾ, ಒಂದು ಸಹಿ ಹಾಕಿ’ ಎಂದು ಬರುವುದೇ ಜಾಸ್ತಿ. ಗೋಡೆ ಕಟ್ಟಿಸಿಕೊಡುತ್ತೇವೆ ಎನ್ನುತ್ತಾರೆ. ಕೊಡುವ ಮನಸ್ಸಿದ್ದರೆ ಕೊಡಿ, ಖಾಲಿ ಕಾಗದಕ್ಕೆ ಮಾತ್ರ ಸಹಿ ಬೇಡ. ಎಷ್ಟು ಚದರ ಮೀಟರ್, ನಕ್ಷೆ, ಹೊಸ ಗೋಡೆ ಮುರಕಲ್ಲಿನದ್ದೋ ಹಾಲೋಬ್ಲಾಕಿನದ್ದೋ, ಹಳೆಯದನ್ನು ಕೆಡವಿದ ಎಷ್ಟು ದಿನಕ್ಕೆ ಕಟ್ಟುತ್ತಾರೆ, ಗೇಟು, ನೀರಿನ ಪೈಪು ಯಾರ ಖರ್ಚು, ಎಲ್ಲವೂ ಅದರಲ್ಲಿರಲಿ. ಹಳೆಯ ಮಾಲೀಕರು ಮನೆಯ ಪರವಾನಗಿ ತೆಗೆಯುವಾಗಲೇ ಮುಂದಿನ ಜಾಗ ಬಿಟ್ಟುಕೊಟ್ಟಿದ್ದರೋ ಎಂದೂ ನೋಡಿ. ಬಿಟ್ಟುಕೊಟ್ಟಿದ್ದರೆ ಆ ಭಾಗಕ್ಕೆ ವಾದವಿಲ್ಲ.

ಹಣದ ಬದಲು ಟಿಡಿಆರ್ ಕೊಡುತ್ತೇವೆ ಎನ್ನಬಹುದು, ಅಂದರೆ ಬೇರೆಡೆ ಹೆಚ್ಚುವರಿ ಕಟ್ಟಡ ಕಟ್ಟಲು ಬಳಸಬಹುದಾದ, ಮಾರಬಹುದಾದ ಹಕ್ಕಿನ ಸರ್ಟಿಫಿಕೇಟು. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಬಿ ಪ್ರಕಾರ ಅದು ಸರಿಯೇ. ನನ್ನ ಅಭಿಪ್ರಾಯ ಕೇಳಿದರೆ, ಒಂದೆರಡು ಸೆಂಟ್ಸ್ ಕಳೆದುಕೊಂಡ ಮನೆಯವರಿಗೆ ಆ ಸರ್ಟಿಫಿಕೇಟು ಕಪಾಟಿನಲ್ಲಿಡಲಿಕ್ಕೆ ಮಾತ್ರ. ಕೊಳ್ಳುವ ಬಿಲ್ಡರ್ ಸಿಕ್ಕಿದರೆ ಬೇರೆ ಮಾತು. ಆ ಬಿಲ್ಡರಿಗೆ ತೋರಿಸಲು ಕರೆದೊಯ್ಯುತ್ತೇನೆ ಎನ್ನುವ ಬ್ರೋಕರ್‌ನಿಂದ ದೂರ ಇರಿ.

ಸ್ವಾಧೀನವೇ ಆದರೆ 2013ರ ಕಾಯ್ದೆಯಲ್ಲಿ ಮಾರುಕಟ್ಟೆ ಬೆಲೆ, ಅದರ ಮೇಲೆ ನೂರಕ್ಕೆ ನೂರು ಸೊಲೇಷಿಯಂ (ಬಲವಂತದ ಸ್ವಾಧೀನಕ್ಕೆ ಸಾಂತ್ವನದ ಮೊತ್ತ), ಮಾರುಕಟ್ಟೆ ಬೆಲೆಗೆ ವರ್ಷಕ್ಕೆ ಶೇ 12 ಹೆಚ್ಚುವರಿ. ತೆಂಗಿನ ಮರಕ್ಕೆ ತೋಟಗಾರಿಕೆ ಇಲಾಖೆ, ಕಟ್ಟಡಕ್ಕೆ ಲೋಕೋಪಯೋಗಿ ಇಲಾಖೆ ಬೆಲೆ ಕಟ್ಟುತ್ತದೆ. ಅವರು ಬಂದ ದಿನ ಮನೆಯಲ್ಲಿರಿ, ಬಾವಿಯನ್ನೂ ತೋರಿಸಿ. ಮೊತ್ತ ಕಡಿಮೆ ಎನಿಸಿದರೆ ಹಣ ತೆಗೆದುಕೊಳ್ಳುವಾಗ ‘ಆಕ್ಷೇಪಕ್ಕೆ ಒಳಪಟ್ಟು ಪಡೆದಿದ್ದೇನೆ’ ಎಂದು ಬರೆದೇ ಸಹಿ ಹಾಕಿ. ಸುಮ್ನೆ ಸಹಿ ಹಾಕಿ ಹಣ ಪಡೆದವರಿಗೆ ಮುಂದೆ ಹೆಚ್ಚು ಕೇಳುವ ದಾರಿ ಮುಚ್ಚುತ್ತದೆ. ಬಿಕರ್ನಕಟ್ಟೆ–ಸಾಣೂರು ಹೆದ್ದಾರಿ ಕೆಲಸದಲ್ಲಿ ಪರಿಹಾರದ ತಗಾದೆ ವರ್ಷಗಟ್ಟಲೆ ಎಳೆಯಿತು. ಅವಸರ ನಿಮಗಿಂತ ಅವರಿಗೆ ಜಾಸ್ತಿ ಎಂಬುದು ನೆನಪಿರಲಿ.

ಕೋರ್ಟಿಗೆ ಹೋಗುವುದಾದರೆ ನಿಮ್ಮ ಆಕ್ಷೇಪಣೆಗೆ ಅವರು ಕೊಟ್ಟ ಆದೇಶ, ಅಥವಾ ಆದೇಶ ಕೊಡದೆ ಕೆಡವಲು ಬಂದರು ಎಂಬುದಕ್ಕೆ ಫೋಟೊ, ಎರಡರಲ್ಲೊಂದು ಕೈಯಲ್ಲಿರಬೇಕು.

ಜಾಗ ಹೋದ ಮೇಲೆ ಒಂದು ಕೆಲಸ ಬಾಕಿ ಉಳಿಯುತ್ತದೆ. ಇ-ಖಾತಾದಲ್ಲಿ ವಿಸ್ತೀರ್ಣ ತಿದ್ದಿಸಿ, ಹೊಸ ನಕ್ಷೆ ಮಾಡಿಸಿ. ಇಲ್ಲದಿದ್ದರೆ ಮಾರ್ಗಕ್ಕೆ ಹೋದ ಜಾಗಕ್ಕೂ ನೀವೇ ತೆರಿಗೆ ಕಟ್ಟುತ್ತಿರುತ್ತೀರಿ. ಏಪ್ರಿಲ್ ತಿಂಗಳಲ್ಲಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಇರುತ್ತದೆ, ತಿದ್ದುಪಡಿ ಅರ್ಜಿ ಅದಕ್ಕೆ ಮುಂಚೆ ಹೋಗಲಿ.