ದರೆಯ ಜೇಡವನ್ನು ಅಗೆಯದೆ ನೋಡುವುದು ಹೇಗೆ

ನಮ್ಮ ಮನೆ ಶಿರಸಿ ಕಡೆ. ಅಡಿಕೆ ತೋಟಕ್ಕೆ ಇಳಿಯುವ ದಾರಿಯ ಪಕ್ಕ ಆಳೆತ್ತರದ ಮಣ್ಣಿನ ದರೆ ಇದೆ. ಅದರಲ್ಲಿ ಹನ್ನೊಂದು ಬಿಲಗಳು, ಒಂದೊಂದರಲ್ಲೂ ಒಂಟಿಯಾಗಿ ಒಂದು ದೊಡ್ಡ ಜೇಡ. ಥ್ರಿಗ್ಮೋಪಿಯಸ್ ಎಂಬ ಗುಂಪಿನ ಟರಂಟುಲಾ ಇದು. ಪಶ್ಚಿಮ ಘಟ್ಟದ ಸೀಮೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1899ರಲ್ಲಿ ಪೋಕಾಕ್ ಎಂಬ ಬ್ರಿಟಿಷ್ ವಿಜ್ಞಾನಿ ಇದರ ಎರಡು ಜಾತಿಗಳಿಗೆ ಹೆಸರಿಟ್ಟರು. ಒಂದು ಟ್ರುಕುಲೆಂಟಸ್, ಲ್ಯಾಟಿನ್‌ನಲ್ಲಿ ಹಾಗಂದರೆ ಉಗ್ರ. ನಾನು ನೋಡಿದ ಜೇಡಗಳು ಮಾತ್ರ ಎಲೆ ಬಿದ್ದ ಸದ್ದಿಗೂ ಒಳಗೆ ಓಡುತ್ತವೆ.

ಬಿಲವನ್ನು ಹಗಲಲ್ಲೇ ಹುಡುಕಿಡಿ. ಮಳೆ ನೇರ ಹೊಡೆಯದ, ಬೇರು ಇಳಿಬಿದ್ದ ಜಾಗ ಮೊದಲು ನೋಡಿ. ಬಾಯಿ ದುಂಡಗಿರುತ್ತದೆ. ಒಳ ಅಂಚಿಗೆ ಬಿಳಿ ನೂಲು ಮೆತ್ತಿರುತ್ತದೆ, ಗುರುತು ಅದೇ. ಏಡಿ ಬಿಲದ ಬಾಯಲ್ಲಿ ಹಸಿ ಮಣ್ಣಿನ ಉಂಡೆಗಳಿರುತ್ತವೆ, ನೂಲಿರುವುದಿಲ್ಲ. ಇಲಿ ಬಿಲಕ್ಕೂ ನೂಲಿಲ್ಲ. ಕೆಲವೊಮ್ಮೆ ಬಾಯಿಯೇ ನೂಲಿನಿಂದ ಮುಚ್ಚಿರಬಹುದು. ಒಳಗೆ ಜೇಡ ಪೊರೆ ಬಿಡುತ್ತಿರಬಹುದು, ಆಗ ಮೈ ತೀರಾ ಮೆತ್ತಗಿರುತ್ತದೆ. ಆ ಬಿಲ ಬಿಟ್ಟುಬಿಡಿ.

ರಾತ್ರಿ ಎಂಟರ ನಂತರ ಹೋಗಿ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ, ಬೆಳಕನ್ನು ಬಿಲದೊಳಗೆ ಬಿಡದೆ ಪಕ್ಕದ ಮಣ್ಣಿಗೆ ಹಿಡಿಯಿರಿ. ಈ ಜೇಡಕ್ಕೆ ಕಣ್ಣು ಮಂದ. ಲೋಕವೆಲ್ಲ ಕಾಲಿಗೆ ತಾಗುವ ಅದುರಿನಲ್ಲೇ ತಿಳಿಯುತ್ತದೆ. ಹಾಗಾಗಿ ಕೊನೆಯ ಹತ್ತು ಹೆಜ್ಜೆ ತೀರಾ ನಿಧಾನ ಇಡಿ. ನಾಲ್ಕು ಅಡಿ ದೂರದಲ್ಲಿ ಕೂತುಬಿಡಿ. ದರೆಗೆ ಒರಗಬೇಡಿ, ಕೈಯನ್ನೂ ಊರಬೇಡಿ. ಇಪ್ಪತ್ತು ನಿಮಿಷ ಸುಮ್ನೆ ಕಾಯಿರಿ. ಮೊದಲು ಎರಡು ಕಾಲಿನ ತುದಿ ಅಂಚಿಗೆ ಬರುತ್ತದೆ. ಆಮೇಲೆ ಇನ್ನೆರಡು. ಆಮೇಲೆ ಅಲುಗಾಟವೇ ಇಲ್ಲ. ಒಮ್ಮೆ ಒಂದು ಜಿರಲೆ ಅಂಚು ದಾಟಿತು. ರೆಪ್ಪೆ ಬಡಿಯುವಷ್ಟರಲ್ಲಿ ಜಿರಲೆಯೂ ಇಲ್ಲ, ಜೇಡವೂ ಇಲ್ಲ!

ಹುಲ್ಲುಕಡ್ಡಿ ತೂರಿಸಬೇಡಿ, ನೀರು ಹೊಯ್ಯಬೇಡಿ. ಅಗೆಯಲಂತೂ ಬೇಡವೇ ಬೇಡ. ಹೆಣ್ಣು ಜೇಡ ವರ್ಷಗಟ್ಟಲೆ ಒಂದೇ ಬಿಲದಲ್ಲಿ ಇರುತ್ತದೆ, ಕೆದಕಿದರೆ ಮನೆ ಹೋಯಿತು. ಗೊತ್ತಿಲ್ಲದ ದಿನಗಳಲ್ಲಿ ನಾನೇ ದರೆ ಚೊಕ್ಕ ಮಾಡಲು ಗುದ್ದಲಿ ಹಾಕಿದ್ದೆ. ಮುರಿದ ನೂಲಿನ ಕೊಳವೆ ಕೈಗೆ ಬಂದಾಗ ಹೊಟ್ಟೆ ಚುರುಕ್ ಎಂದಿತು. ಆ ಜಾಗಕ್ಕೆ ಇವತ್ತಿಗೂ ಬೇರೆ ಜೇಡ ಬಂದಿಲ್ಲ. ಈಗ ದರೆಯ ಹುಲ್ಲನ್ನು ಕತ್ತಿಯಲ್ಲಿ ಸವರುತ್ತೇನೆ ಅಷ್ಟೇ. ಜೆಸಿಬಿ ತರಿಸುವವರು ಒಮ್ಮೆ ಬಿಲ ಎಣಿಸಿ ನೋಡಿ, ಆಮೇಲೆ ಬೇಕಾದರೆ ದಾರಿಯನ್ನು ಇನ್ನೊಂದು ಬದಿಗೆ ಅಗಲ ಮಾಡಿ.

ಬಲಿತ ಗಂಡು ಹೆಣ್ಣನ್ನು ಹುಡುಕುತ್ತಾ ಬಿಲ ಬಿಟ್ಟು ಅಲೆಯುತ್ತದೆ. ಅಂಗಳಕ್ಕೋ ಬಚ್ಚಲಿಗೋ ಬಂದರೆ ಪೊರಕೆ ಎತ್ತಬೇಡಿ. ಕಚ್ಚಿದರೆ ನೋವು ಜಾಸ್ತಿ, ಅದಕ್ಕೇ ಕೈಯಲ್ಲಿ ಹಿಡಿಯುವುದು ಬೇಡ. ಅಗಲ ಬಾಯಿಯ ಡಬ್ಬಿ ಮೇಲಿಂದ ಮುಚ್ಚಿ, ಅಡಿಗೆ ಗಟ್ಟಿ ರಟ್ಟು ಮೆಲ್ಲಗೆ ತೂರಿಸಿ, ದರೆಯ ಬುಡದಲ್ಲಿ ಬಿಟ್ಟು ಬನ್ನಿ.