ಹೊಗೆ ಕೋಣೆಗೇ ತಿರುಗುತ್ತಿದ್ದ ಹಳೇ ಅಗ್ಗಿಷ್ಟಿಕೆ

ಅಗ್ಗಿಷ್ಟಿಕೆ ಹೊಗೆಯಾಡಿದರೆ ಎಲ್ಲರೂ ಮೊದಲು ಹೇಳುವುದು ಚಿಮಣಿ ಗುಡಿಸಿ ಅಂತ. ಗುಡಿಸಲೇಬೇಕು. ಕೊಳವೆಯೊಳಗೆ ಕಟ್ಟಿಕೊಂಡ ಕ್ರಿಯೊಸೋಟ್‌ಗೆ, ಅಂದರೆ ಸೌದೆಯ ಹೊಗೆಯಿಂದ ಅಂಟುವ ಟಾರಿನಂಥ ಕರಿಗೆ, ಕಿಡಿ ತಾಗಿದರೆ ಚಿಮಣಿಯೇ ಹೊತ್ತಿಕೊಳ್ಳುತ್ತದೆ. ನಮ್ಮದರಲ್ಲಿ ಬ್ರಷ್ ಆಡಿಸಿದಾಗ ಕಪ್ಪು ಹಕ್ಕಳೆಗಳ ಜೊತೆ ಒಂದು ಹಕ್ಕಿಗೂಡೂ ಕೆಳಗೆ ಬಿತ್ತು. ಹೊಗೆ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ.

ಹೊಗೆ ಯಾವಾಗ ಬರುತ್ತದೆ ಅನ್ನುವುದನ್ನು ಗಮನಿಸಿದರೆ ಅರ್ಧ ಉತ್ತರ ಸಿಕ್ಕ ಹಾಗೆ. ಹೊತ್ತಿಸುವಾಗ ಮಾತ್ರ ಬಂದರೆ ಚಿಮಣಿಯೊಳಗೆ ತಣ್ಣನೆಯ ಗಾಳಿ ಕೂತಿದೆ. ಡ್ಯಾಂಪರ್, ಅಂದರೆ ಹೊಗೆಕೊಳವೆಯನ್ನು ತೆರೆದು ಮುಚ್ಚುವ ತಟ್ಟೆಯನ್ನು, ಪೂರ್ತಿ ತೆರೆದು, ಸುರುಳಿ ಸುತ್ತಿದ ಪೇಪರ್ ಹೊತ್ತಿಸಿ ಅದರ ಕೆಳಗೆ ಹಿಡಿದರೆ ಸೆಳೆತ ಶುರುವಾಗುತ್ತದೆ. ನಮ್ಮಲ್ಲಿ ಹಾಗಲ್ಲ. ಬೆಂಕಿ ಚೆನ್ನಾಗಿ ಹತ್ತಿಕೊಂಡ ಮೇಲೂ ಬಾಯಿಯ ಮೇಲಂಚಿನಿಂದ ತೆಳ್ಳಗಿನ ಎಳೆಗಳು ನುಸುಳಿ ಬಂದು ಮೇಲಿನ ಗೋಡೆಗೆ ಮಸಿ ಹಿಡಿಸುತ್ತಿದ್ದವು.

ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಆರಿಸಿ, ಕಿಟಕಿಯನ್ನು ಒಂದಿಂಚು ತೆರೆದು ನೋಡಿದೆ. ಬಾಗಿಲು, ಕಿಟಕಿಗೆಲ್ಲ ರಬ್ಬರ್ ಪಟ್ಟಿ ಹಾಕಿಸಿದ ಮನೆಯಲ್ಲಿ ಬೆಂಕಿಗೆ ಬೇಕಾದ ಗಾಳಿ ಎಲ್ಲಿಂದ ಬರಬೇಕು? ಪರವಾಗಿಲ್ಲ ಅನ್ನುವಷ್ಟು ಸುಧಾರಿಸಿತು.

ಕೊನೆಗೆ ಟೇಪ್ ಹಿಡಿದೆ. ಬಾಯಿ 36 ಇಂಚು ಅಗಲ, 30 ಇಂಚು ಎತ್ತರ, ಅಂದರೆ 1080 ಚದರ ಇಂಚು. ಹೊಗೆಕೊಳವೆಯ ಒಳ ಅಳತೆ 8ಕ್ಕೆ 12, ಅಂದರೆ 96. ಕೊಳವೆಯ ಅಳತೆ ಅಗ್ಗಿಷ್ಟಿಕೆಯ ಬಾಯಿಯ ಹತ್ತನೇ ಒಂದು ಭಾಗವಾದರೂ ಇರಬೇಕು ಅನ್ನುವುದು ರೂಢಿಯ ಲೆಕ್ಕ. ನಮ್ಮದಕ್ಕೆ 108 ಬೇಕಿತ್ತು. ಕೊಳವೆ ಹಿಗ್ಗಿಸಲಾಗದು, ಬಾಯಿ ಕುಗ್ಗಿಸಬಹುದು.

ದಪ್ಪ ಕೈಗವಸು ತೊಟ್ಟು, ಉರಿಯುವ ಬೆಂಕಿಯ ಮುಂದೆ ಒಂದು ತಗಡನ್ನು ಮೇಲಂಚಿಗೆ ಒತ್ತಿ ಹಿಡಿದು ನಿಧಾನಕ್ಕೆ ಇಳಿಸುತ್ತಾ ಬಂದೆ. ನಾಲ್ಕಿಂಚಿನ ಹತ್ತಿರ ಬರುತ್ತಿದ್ದಂತೆ ಎಳೆಗಳು ಒಳಕ್ಕೆ ಬಾಗಿದವು. ಲೆಕ್ಕವೂ ಹೊಂದಿತು: 36ಕ್ಕೆ 26, ಅಂದರೆ 936; 96ರ ಕೊಳವೆಗೆ ಸರಿ. ಅಷ್ಟೇ ಅಗಲದ ಉಕ್ಕಿನ ಪಟ್ಟಿಯನ್ನು ಅಲ್ಲೇ ಕೂರಿಸಿದೆ. ನೋಡಲು ಅಷ್ಟೇನೂ ಚೆಂದವಿಲ್ಲ, ಕಪ್ಪು ಬಣ್ಣ ಬಳಿದ ಮೇಲೆ ಕಣ್ಣಿಗೆ ಹೊಡೆಯುವುದಿಲ್ಲ.

ಸೌದೆಯಲ್ಲಿ ತೇವ ಶೇ 20 ದಾಟದಂತೆ ಒಣಗಿಸಿ ಇಡುತ್ತೇನೆ. ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆ, ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲವಲ್ಲ. ಜೋರು ಗಾಳಿಯ ದಿನ ಈಗಲೂ ಒಮ್ಮೊಮ್ಮೆ ಹೊಗೆ ಹಿಂದಕ್ಕೆ ನುಗ್ಗುತ್ತದೆ. ಚಿಮಣಿಯ ತುದಿ, 10 ಅಡಿಯೊಳಗಿನ ಛಾವಣಿಗಿಂತ 2 ಅಡಿಯಾದರೂ ಮೇಲಿರಬೇಕು, ನಮ್ಮದು ಅಷ್ಟಿಲ್ಲ. ಅದು ಗಾರೆಯವರ ಕೆಲಸ, ಬೇಸಿಗೆಗೆ ಇಟ್ಟುಕೊಂಡಿದ್ದೇನೆ.